ಹಳೇ ಪ್ಲಗ್ ಓದುವ ಕಾಕಾ

ದೇಶಪಾಂಡೆ ನಗರದ ಬಿಡಿಭಾಗಗಳ ಅಂಗಡಿಯ ಆ ಕಾಕಾ, ಹಳೆಯ ಸ್ಪಾರ್ಕ್ ಪ್ಲಗ್ ನೋಡದೆ ಹೊಸದನ್ನು ಯಾರಿಗೂ ಕೊಡುತ್ತಿರಲಿಲ್ಲ. ಯಾರೇ ಬಂದರೂ ಅಂಗೈ ಚಾಚಿ ಅದೇ ಮಾತು: “ಮೊದಲ ಹಳೇದು ತೋರಸ್ರಿ.”

ನಾನು ಸ್ಕೂಟರ್ ಮಾರಿ ಕಾರು ಕೊಂಡ ಎರಡನೇ ವರ್ಷ, ಅದು ಬೆಳಿಗ್ಗೆ ಚಾಲೂ ಆಗಲು ಸತಾಯಿಸತೊಡಗಿತು. ನಾಲ್ಕೂ ಪ್ಲಗ್ ಬಿಚ್ಚಿ ಕಾಗದದಲ್ಲಿ ಸುತ್ತಿಕೊಂಡು ಹೋಗಿ, ಅಂಗಡಿಯಲ್ಲಿರುವ ಅತಿ ತುಟ್ಟಿಯವನ್ನೇ ಕೊಡಿ ಎಂದೆ. ಕಾಕಾ ಕನ್ನಡಕ ಹಣೆಗೇರಿಸಿ ಒಂದೊಂದರ ತುದಿಯನ್ನೂ ಉಗುರಿನಿಂದ ಕೆರೆದರು. ಉಗುರು ಕಪ್ಪಾಯಿತು.

“ಗಾಡಿ ಎಲ್ಲೆಲ್ಲಿ ಹೋಗತೈತ್ರಿ?”

“ಮನಿಯಿಂದ ಆಫೀಸ್, ಆಫೀಸಿಂದ ಮನಿರಿ. ಎರಡು ಕಿಲೋಮೀಟರ್ ಆದೀತು.”

“ಪ್ಲಗ್ ಕೆಟ್ಟಿಲ್ರಿ. ಇಂಜಿನ್ ಪೂರಾ ಕಾಯೋದ್ರೊಳಗ ನೀವು ಬಂದ್ ಮಾಡತೀರಿ, ಮಸಿ ಕೂತೈತಿ.” ಬ್ರಶ್‌ನಿಂದ ಉಜ್ಜಿ ಅವನ್ನೇ ಮರಳಿ ಕೊಟ್ಟರು. “ಮನಿ ಮಂದಿನ್ನ ಕೂಡಿಸ್ಕೊಂಡು ಉಪ್ಪಿನಬೆಟಗೇರಿ ತನಕ ಹೋಗಿ ಬರ್ರಿ. ಅಷ್ಟು ದೂರ ಓಡಿದ್ರ ಇಂಜಿನ್ ಕಾದು ಉಳಿದ ಮಸಿನೂ ಸುಟ್ಟು ಹೋಗತೈತಿ. ಆಮ್ಯಾಲೂ ಸತಾಯಿಸಿದ್ರ ಹೊಸಾವು ಕೊಡ್ತೇನಿ.”

ಆ ರವಿವಾರ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೆವು. ಹಿಂದಿನ ಸೀಟಿನಲ್ಲಿ ಅವ್ವ ದಾರಿಯುದ್ದಕ್ಕೂ ಹಾಡಿದಳು. ಸೋಮವಾರ ಕಾರು ಒಂದೇ ಸಲಕ್ಕೆ ಚಾಲೂ ಆಯಿತು.

ಮುಂದಿನ ಶನಿವಾರ ಅವ್ವ ರೊಟ್ಟಿ ಡಬ್ಬಿ ಒರೆಸುತ್ತ ಕೇಳಿದಳು: “ಆ ಪ್ಲಗ್ಗಿಗೆ ಮತ್ತ ಮಸಿ ಕೂತಿರಬೇಕಲ್ಲೋ?”