ಮತ್ತೋಡಿನ ಬಿಳಿ ಹೆಂಗಸರು

ಮತ್ತೋಡಿನಲ್ಲಿ ಗಾಡಿಯಿಂದ ಇಳಿಯುತ್ತಲೇ ನಾನು ಕಂಡದ್ದು ಇಬ್ಬರು ಬಿಳಿ ಹೆಂಗಸರನ್ನು. ದೊರೆಸಾನಿಯರಲ್ಲ. ಕೂದಲು, ಹುಬ್ಬು, ರೆಪ್ಪೆ, ಕತ್ತು, ಉಟ್ಟ ಸೀರೆ ಎಲ್ಲವೂ ಒಂದೇ ಬಿಳಿ. ಬಾಯಿಯ ಒಳಗು ಮಾತ್ರ ಕೆಂಪು. ಹಾಡಹಗಲೇ ದೆವ್ವ ಓಡಾಡುವ ಊರಿಗೆ ಕರೆತಂದೆಯಲ್ಲೋ ಮಹರಾಯ ಎಂದು ಗಂಡನ ಅಂಗಿ ಹಿಡಿದು ನಿಂತೆ. ಅವರಲ್ಲಿ ಚಿಕ್ಕವಳು ನನ್ನ ಮುಖ ನೋಡಿ ನಕ್ಕಳು. ನಗು ಅರ್ಧಕ್ಕೇ ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಕಣ್ಣೊರೆಸಿಕೊಂಡು, "ಬರ್ರಿ, ಕುಂತ್ಕಳ್ರಿ. ದೆವ್ವ ಅಲ್ಲ, ನಿಮ್ಮ ನೆಂಟ್ರು," ಎಂದಳು. ಅವಳು ಗೌರವ್ವ, ನನ್ನ ಗಂಡನ ಸೋದರಮಾವನ ಸೊಸೆ. ಜೊತೆಗಿದ್ದವರು ಅವಳ ಅತ್ತೆ.

ಊರಿನವರೇ, ಇಷ್ಟು ವರ್ಷ ನಿಮಗೆ ಬರೆದದ್ದೆಲ್ಲ ಕ್ಷೇಮ ಸಮಾಚಾರವೇ. ನಮ್ಮಪ್ಪ ಕೂಲಿಮಠದಲ್ಲಿ ಪಾಠ ಹೇಳುತ್ತಿದ್ದ ಪುಣ್ಯಕ್ಕೆ ನಾಲ್ಕಕ್ಷರ ಬರೆಯಬಲ್ಲೆ. ಆ ನಾಲ್ಕಕ್ಷರದಲ್ಲೂ ಸುಳ್ಳನ್ನೇ ಬರೆದೆ. ಈ ಸಲ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಓದಿ ಬೇಸರವಾದರೆ ಒಲೆಗೆ ಹಾಕಿ.

ನಾವು ಊರು ಬಿಟ್ಟದ್ದು ಪ್ಲೇಗಿಗೆ ಹೆದರಿ. ಒಂದೇ ವಾರದಲ್ಲಿ ನನ್ನ ಅತ್ತೆ ಮಾವ ಇಬ್ಬರೂ ಹೋದರು. ಉಳಿದವರು ಊರಾಚೆ ಗುಡಿಸಲು ಹಾಕಿಕೊಂಡು ಸತ್ತ ಇಲಿ ಎಣಿಸುತ್ತ ಕೂತಿದ್ದೆವು. ಆಗ ಸೋದರಮಾವ ಹೇಳಿಕಳಿಸಿದರು, ಇಲ್ಲಿ ಬಟ್ಟಿ ಇದೆ, ಇಬ್ಬರಿಗೂ ಕೆಲಸವಿದೆ, ಗಾಳಿ ಶುದ್ಧವಾಗಿದೆ ಎಂದು. ಬಟ್ಟಿ ಎಂದರೆ ಗಾಜಿನ ಬಳೆ ಮಾಡುವ ಕುಲುಮೆ. ಗಾಳಿ ಶುದ್ಧವಾಗಿದೆ ಎಂಬ ಮಾತನ್ನು ನಾನು ಈಗಲೂ ಒಮ್ಮೊಮ್ಮೆ ನೆನೆಸಿಕೊಂಡು ನಗುತ್ತೇನೆ.

ಅಲ್ಲಿ ನಮ್ಮೂರಲ್ಲಿ ಬಾಗಿಲಿಗೆ ಬಂದರೆ ಕಾಲುವೆ, ತಟ್ಟೆಗೆ ಬಂದರೆ ಅನ್ನ. ಇಲ್ಲಿ ಮಣ್ಣಿನ ಮಾಳಿಗೆ ಮನೆ, ಸಜ್ಜೆ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಆಳದ ಬಾವಿಯ ಸಪ್ಪೆ ನೀರು. ನಾವು "ಅದೆ" ಎನ್ನುವುದನ್ನು ಇವರು "ಐತೆ" ಎನ್ನುತ್ತಾರೆ. ನಾನು ಬಾಯಿ ತೆರೆದರೆ ಬಾವಿಕಟ್ಟೆಯೆಲ್ಲ ನಗುತ್ತಿತ್ತು. ಗೌರವ್ವನೇ ನನಗೆ ರೊಟ್ಟಿ ತಟ್ಟಲು ಕಲಿಸಿದಳು, ಮಾತೂ ಕಲಿಸಿದಳು. ನನ್ನ ಮೊದಲ ರೊಟ್ಟಿ ಹರಿಯದೆ ಹಂಚಿಗೆ ಬಿದ್ದ ದಿನ ಅವಳು ನೆರೆಮನೆಯವರನ್ನು ಕರೆದು ತೋರಿಸಿದಳು. ಅವಳ ಅತ್ತೆ ಮಾತ್ರ ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ. ಅವರಿಗೆ ನಾನು ಸದಾ "ಆ ಕಡೆಯೋಳು".

ಈಗ ಕೆಲಸದ ವಿಷಯ. ಬಳೆಗೆ ಬೇಕಾದ ಗಾಜು ಬರುವುದು ಬೆಣಚುಕಲ್ಲಿನಿಂದ. ಆ ಬಿಳಿ ಕಲ್ಲನ್ನು ಕಾಯಿಸಿ, ನೀರಿಗೆ ಹಾಕಿ, ಒಣಗಿಸಿ, ಒರಳಿನಲ್ಲಿ ಹಾಕಿ ಹಿಟ್ಟಾಗುವ ತನಕ ಕುಟ್ಟಬೇಕು. ಗಂಡಸರದು ಬೆಂಕಿ, ಹೆಂಗಸರದು ಒರಳು. ಕುಟ್ಟುವ ಗುಡಿಸಲಿಗೆ ಕಿಟಕಿಯಿಲ್ಲ, ಇರುವ ಒಂದು ಬಾಗಿಲನ್ನೂ ಮುಚ್ಚುತ್ತಾರೆ. ನಯವಾದ ಪುಡಿ ಗಾಳಿಗೆ ಹಾರಿಹೋಗುತ್ತದಂತೆ, ಅದರಿಂದಲೇ ಒಳ್ಳೆಯ ಬಳೆಯಂತೆ. ಹಾರದೆ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಸಂಜೆ ಒರಳಿನಿಂದ ಎದ್ದವರಿಗೆ ಸೋದರಮಾವ ಒಂದೊಂದು ಹಿಡಿ ಬೆಲ್ಲ ಕೊಡುತ್ತಿದ್ದರು. ಬೆಲ್ಲ ತಿಂದರೆ ಗಂಟಲಿನ ದೂಳು ಹೊಟ್ಟೆಗೆ ಇಳಿದುಹೋಗುತ್ತದೆ ಎಂಬುದು ಇಲ್ಲಿನವರ ನಂಬಿಕೆ. ನಾನೂ ತಿಂದೆ. ಕೆಮ್ಮಿಗೆ ಬೆಲ್ಲದ ರುಚಿ ಬಂತು, ಅಷ್ಟೆ.

ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬಾರದೇ ಎಂದು ಮೊದಲ ವಾರವೇ ಕೇಳಿದೆ. ಅತ್ತೆ ಒನಕೆ ಕೆಳಗಿಟ್ಟು ನನ್ನನ್ನು ನೋಡಿದ ನೋಟ ಮರೆಯುವಂಥದ್ದಲ್ಲ. ಬಳೆ ಮುತ್ತೈದೆಯ ಸೌಭಾಗ್ಯ. ಬಾಯಿಗೆ ಸೆರಗು ಹಿಡಿಯುವುದು ಸಾವಿನ ಮನೆಯಲ್ಲಿ. ಬಾಯಿ ಮುಚ್ಚಿಕೊಂಡು ಕುಟ್ಟಿದ ಕಲ್ಲಿನ ಬಳೆ ತೊಟ್ಟವಳ ಗಂಡ ಉಳಿಯುವುದಿಲ್ಲ. ಹೀಗಂತ ಹೇಳಿ ಮುಗಿಸಿದರು. ಕಲ್ಲಿಗೆ ನೀರು ಚಿಮುಕಿಸಿ ಕುಟ್ಟೋಣವೆಂದೆ. ಹಸಿ ಪುಡಿಯಿಂದ ಗಾಜಿನಲ್ಲಿ ಗುಳ್ಳೆ ಬರುತ್ತದೆಂದು ಮಾವ ತಲೆಯಾಡಿಸಿದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ನನ್ನ ಗಂಡನೂ ನಕ್ಕ.

ನಾಲ್ಕನೆಯ ವರ್ಷಕ್ಕೆ ಗೌರವ್ವ ಬಾವಿಯಿಂದ ಕೊಡ ಹೊತ್ತು ಬರುವಾಗ ಮೂರು ಕಡೆ ಕೂತು ಏಳುವಂತಾದಳು. ಮೈ ಸವೆದು ರವಿಕೆ ತೋಳು ಜೋತುಬಿತ್ತು. ಪಂಡಿತರು ಉಷ್ಣ ಎಂದು ಕಷಾಯ ಕೊಟ್ಟರು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಅತ್ತೆ ನೆಂಟರ ಮನೆಗೆ ಆದಿವಾಲಕ್ಕೆ ಹೋಗಿದ್ದಾಗ ಹಳೆಯ ಪಂಚೆ ಹರಿದು ಅವಳ ಮೂಗು ಬಾಯಿಗೆ ನಾನೇ ಕಟ್ಟಿದೆ, ನಾನೂ ಕಟ್ಟಿಕೊಂಡೆ, ಬಾಗಿಲು ಹಾರು ಹೊಡೆದೆ. ಮೂರು ದಿನ ಹಾಗೆ ಕುಟ್ಟಿದೆವು. ಮೂರನೆಯ ಸಂಜೆ ಬಟ್ಟೆ ಬಿಚ್ಚಿ ಅದರ ಮೇಲಿನ ಬಿಳಿ ಪದರವನ್ನು ಗೌರವ್ವ ಉಗುರಿನಿಂದ ಕೆರೆದು ನೋಡಿದಳು. ಇಷ್ಟೂ ನನ್ನೊಳಗೆ ಹೋಗುತ್ತಿತ್ತಾ ಎಂದು ಕೇಳಿದಳು.

ನಾಲ್ಕನೆಯ ದಿನ ಬಟ್ಟಿಯೊಳಗೆ ಗಾಜು ಕರಗಿಸುವ ಮಣ್ಣಿನ ಮೂಸೆ ಸೀಳಿತು. ಮೂಸೆ ಆಗಾಗ ಸೀಳುವುದೇ. ಆದರೆ ಅದೇ ಹೊತ್ತಿಗೆ ಅತ್ತೆ ಊರಿಂದ ಬಂದು, ಗೂಟಕ್ಕೆ ನೇತುಹಾಕಿದ್ದ ಎರಡು ಬಟ್ಟೆ ಕಂಡರು. ಆಮೇಲೆ ನಡೆದದ್ದನ್ನು ಬರೆಯುವುದಿಲ್ಲ. ನನ್ನನ್ನು ಅಂದದ್ದಕ್ಕೆ ನನಗೆ ನೋವಾಗಲಿಲ್ಲ. ಮರುದಿನ ಗೌರವ್ವ ಬರಿಬಾಯಲ್ಲಿ ಒರಳಿನ ಮುಂದೆ ಕೂತದ್ದಕ್ಕೆ ಆಯಿತು. ಕಟ್ಟಿಕೊಳ್ಳೇ, ನಿನ್ನ ಕಾಲಿಗೆ ಬೀಳುತ್ತೇನೆ ಎಂದೆ. ಅವಳು ಬಳೆ ತುಂಬಿದ ಎರಡೂ ಕೈ ನನ್ನ ಮುಂದೆ ಹಿಡಿದಳು.

"ಅಕ್ಕಾ, ಉಸಿರು ಇದ್ರೂ ಒಂದೇ ಹೋದ್ರೂ ಒಂದೇ. ಇವು ಇಲ್ದೆ ಈ ಊರಾಗೆ ನಾನು ಹೆಂಗೆ ತಿರುಗಾಡ್ಲಿ?"

ಮುಂದಿನ ಮಾಘದಲ್ಲಿ ತೀರಿಕೊಂಡಳು. ಮೊಣಕೈವರೆಗೂ ಹೊಸ ಹಸಿರು ಬಳೆ ತೊಡಿಸಿದರು, ಅವಳೇ ಕುಟ್ಟಿದ ಪುಡಿಯಿಂದ ಆದವು. ಬಂದ ಹೆಂಗಸರೆಲ್ಲ ಪುಣ್ಯವಂತೆ, ಮುತ್ತೈದೆಯಾಗಿ ಹೋದಳು ಎಂದು ಹೊಗಳಿದರು. ಹೊಗಳುವಾಗ ಪ್ರತಿಯೊಬ್ಬಳೂ ಬಾಯಿಗೆ ಸೆರಗು ಹಿಡಿದಿದ್ದಳು. ನಾನೂ ಹಿಡಿದೆ, ಯಾರೂ ಬೇಡವೆನ್ನಲಿಲ್ಲ. ಅದನ್ನು ಕಂಡು ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಊರಿಗೆ ಬಂದೆ, ನಿಮಗೆ ನೆನಪಿರಬೇಕು. ಮತ್ತೆ ಹೋಗುವುದಿಲ್ಲವೆಂದೇ ಬಂದಿದ್ದೆ. ನಾನು "ಐತೆ" ಎಂದಾಗ ನೀವು ನಕ್ಕಿರಿ, ದುರ್ಗದವಳು ಬಂದಳು ಎಂದಿರಿ. ಅದಿರಲಿ. ಕೂತಲ್ಲಿ ನಾನೊಮ್ಮೆ ಕೆಮ್ಮಿದೆ. ನನ್ನ ಸ್ವಂತ ಅಕ್ಕ ಚಾಪೆಯನ್ನು ಎರಡು ಮೊಳ ಆಚೆಗೆ ಎಳೆದುಕೊಂಡಳು. ಪ್ಲೇಗು ಕಂಡ ಊರು, ತಪ್ಪೆನ್ನಲಾರೆ. ಆದರೆ ಹಾಗೆ ಎಳೆದುಕೊಂಡ ಕೈ ತುಂಬ ನಾನೇ ತಂದುಕೊಟ್ಟ ಮತ್ತೋಡಿನ ಬಳೆ ಇದ್ದವು. ಹತ್ತನೆಯ ದಿನ ರೈಲು ಹತ್ತಿದೆ.

ಮತ್ತೋಡಿಗೆ ಬಂದು ನೋಡಿದರೆ ಗೌರವ್ವನ ಒರಳಿನ ಮುಂದೆ ಹೊಸಬಳು. ಗೌರವ್ವ ಹೋಗಿ ಮೂರು ತಿಂಗಳು ತುಂಬಿರಲಿಲ್ಲ. ಅವಳ ಗಂಡನಿಗೆ ಹೊಳಲ್ಕೆರೆ ಕಡೆಯಿಂದ ನಾಗವ್ವ ಎಂಬವಳನ್ನು ತಂದಿದ್ದರು. ಆಗಲೇ ರೆಪ್ಪೆಯೆಲ್ಲ ಬೆಳ್ಳಗಾಗಿತ್ತು. ಎದುರಿನ ಒರಳಿನಲ್ಲಿ ಅತ್ತೆ. ನಾನು ಗಂಟು ಇಳಿಸದೆ, ಕಾಲು ತೊಳೆಯದೆ, ಅದರೊಳಗಿಂದ ಒಂದು ಬಟ್ಟೆ ತೆಗೆದು ಹೊಸಬಳ ಮುಂದೆ ಹಿಡಿದು ಬಾಯಿಗೆ ಕಟ್ಟಿಕೋ ಎಂದೆ.

ಅವಳು ಬೆಚ್ಚಿದಳು. "ಯಾಕಕ್ಕಾ, ಯಾರಾದ್ರೂ ತೀರ್ಕಂಡ್ರಾ?"

ತೀರಿಕೊಂಡವಳ ಒನಕೆ ಹಿಡಿದೇ ಕೇಳಿದಳು. ವಾದ ಮಾಡಿ ಗೆಲ್ಲುವ ಊರಲ್ಲ ಇದು, ಅಷ್ಟನ್ನು ಕಲಿತಿದ್ದೆ.

"ಇಲ್ಲ ಕಣವ್ವ," ಎಂದೆ. "ನಮ್ಮ ಈ ಊರಾಗೆ ಹಿಂಗೇ ಪದ್ಧತಿ ಐತೆ. ಹಿರೀಕರ ಕಾಲದಿಂದ."

ಅತ್ತೆಯ ಒನಕೆ ಅರ್ಧದಲ್ಲಿ ನಿಂತಿತು. ಪದ್ಧತಿ ಏನೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಬೈಗುಳಕ್ಕೆ ಮೈ ಗಟ್ಟಿಮಾಡಿಕೊಂಡು ನಿಂತೆ. ಅವರು ಗೌರವ್ವ ಕೂರುತ್ತಿದ್ದ ಮಣೆಯನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಕೈಯ ಬಟ್ಟೆಯನ್ನು ನೋಡಿದರು.

"ಕಟ್ಕ," ಎಂದರು ನಾಗವ್ವನಿಗೆ. "ಅವಳು ಈ ಊರೋಳು. ಅವಳಿಗೆ ಗೊತ್ತು."

ಆ ಮಾತಿಗೆ ನಾನು ಐದು ವರ್ಷ ಕಾದಿದ್ದೆ. ಸಿಕ್ಕದ್ದು ಸುಳ್ಳು ಹೇಳಿದ ದಿನ, ಅದನ್ನು ಕೇಳಿ ಚಪ್ಪಾಳೆ ತಟ್ಟಬೇಕಾದವಳು ಮಣ್ಣಿಗೆ ಹೋದ ಮೇಲೆ. ಅತ್ತೆ ತಾವು ಮಾತ್ರ ಇವತ್ತಿಗೂ ಬರಿಬಾಯಲ್ಲೇ ಕುಟ್ಟುತ್ತಾರೆ. ನನ್ನ ಕೆಮ್ಮು ನಿಂತಿಲ್ಲ, ಇನ್ನು ನಿಲ್ಲುವುದಿಲ್ಲವೆಂದು ಗೊತ್ತು. ತಂಗಿಯ ಮದುವೆಗೆ ಬಳೆ ಕಳಿಸು ಎಂದು ಬರೆದಿದ್ದೀರಿ. ಈ ಕಾಗದದ ಜೊತೆ ನಾಲ್ಕು ಡಜನ್ ಕಟ್ಟಿಟ್ಟಿದ್ದೇನೆ. ನಾನು ಬರುವುದಿಲ್ಲ. ಅಲ್ಲಿ ಚಾಪೆ ಎಳೆದುಕೊಳ್ಳುತ್ತೀರಿ, ಇಲ್ಲಿ ನಾನು ಇಲ್ಲದಿದ್ದರೆ ನಾಗವ್ವ ಬಟ್ಟೆ ಬಿಚ್ಚಿಬಿಡುತ್ತಾಳೆ.