ಹಂಡೆ ಕಾರಿನ ಕಮಾನು

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಊರಿನ ಕೊನೆಯ ಮನೆ ದಾಟಿದ ಮೇಲೆ ಸಿಗುವ ಮೊದಲ ಮೋರಿಯ ಪಕ್ಕ, ಹುಣಿಸೆಮರದ ಬುಡದಲ್ಲಿ ನಾನು ನಿಂತಿದ್ದೆ. ಬೆನ್ನು ಮದ್ದೂರಿನ ಕಡೆಗಿತ್ತು, ಮುಖ ಮಳವಳ್ಳಿಯ ಕಡೆಗೆ. ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಸಂಕ್ರಾಂತಿ ಕಳೆದು ಕಬ್ಬು ಕಡಿಯುತ್ತಿದ್ದ ದಿನಗಳು. ಬಿಸಿಲು ಏರಿತ್ತು, ಆದರೆ ಮರದ ನೆರಳು ಇನ್ನೂ ರಸ್ತೆಯ ಅರ್ಧದವರೆಗೆ ಚಾಚಿತ್ತು. ಆಗ ನನ್ನ ಕಾರು ನನ್ನ ಎದುರಿಗೆ ಬಂತು. ಅದನ್ನು ಓಡಿಸುತ್ತಿದ್ದವನು ನಾನಲ್ಲ. ಹಿಂದಿನ ಸೀಟಿನಲ್ಲಿ ನನ್ನ ಅವ್ವ ಕೂತಿದ್ದಳು.

ಮುಂದೆ ಆದದ್ದನ್ನು ಹೇಳುವ ಮೊದಲು ಆ ಕಾರಿನ ವಿಷಯ ಹೇಳಬೇಕು. ಅದು ಬಟ್ಟೆಯ ಚಾವಣಿಯ ಹಳೆಯ ಕಾರು, ಒಬ್ಬ ಜಮೀನ್ದಾರರು ಓಡಿಸಿ ಬೇಸತ್ತು ಬಿಟ್ಟದ್ದು. ನಾನು ಅದನ್ನು ಮಳವಳ್ಳಿ, ಹಲಗೂರು, ಮದ್ದೂರಿನ ನಡುವೆ ಬಾಡಿಗೆಗೆ ಓಡಿಸುತ್ತಿದ್ದೆ. ಯುದ್ಧದಲ್ಲಿ ಪೆಟ್ರೋಲು ಸಿಗದಂತಾದಾಗ ಎಲ್ಲರಂತೆ ನಾನೂ ಇದ್ದಲು ಉರಿಸಿ ಗ್ಯಾಸು ಮಾಡುವ ಡ್ರಮ್ಮನ್ನು ಕಾರಿನ ಬೆನ್ನಿಗೆ ಕಟ್ಟಿಸಿದೆ. ನೋಡಲು ಬಚ್ಚಲಮನೆಯ ಹಂಡೆಯ ಹಾಗೇ ಇತ್ತು. ಜನ ಹಂಡೆ ಕಾರು ಎಂದೇ ಕರೆದರು. ಡ್ರಮ್ಮಿನ ಭಾರಕ್ಕೆ ಹಿಂಭಾಗ ಕುಸಿದು ಮೂತಿ ಮೇಲಕ್ಕೆದ್ದಿತು. ಸ್ಟಿಯರಿಂಗು ಅಂಗೈಯಗಲ ತಿರುಗಿಸಿದರೂ ಮುಂದಿನ ಗಾಲಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಹಳ್ಳ ಸಿಕ್ಕರೆ ಒಳಗೆ ಕೂತವರ ಹಲ್ಲು ಹಲ್ಲಿಗೆ ಬಡಿಯುತ್ತಿತ್ತು. ಬಾಡಿಗೆಯ ಜನಕ್ಕೆ ಅದು ಸಾಕಾಗಿತ್ತು.

ಆ ವರ್ಷ ಅದು ಸಾಲದಾಯಿತು. ನನ್ನ ತಂಗಿ ಬಸುರಿಯಾಗಿ ತವರಿಗೆ, ಮಳವಳ್ಳಿಯ ನಮ್ಮ ಮನೆಗೆ ಬಂದಿದ್ದಳು. ಹಿಂದಿನ ಸಲ ಪೂರಿಗಾಲಿಯ ಗಂಡನ ಮನೆಯಿಂದ ಗಾಡಿಯಲ್ಲಿ ಬರುವಾಗ ದಾರಿಯುದ್ದಕ್ಕೂ ಕುಲುಕಿಸಿಕೊಂಡು ಬಂದಿದ್ದಳು. ಮನೆ ಮುಟ್ಟಿದ ಮೇಲೆ ದಿನ ತುಂಬದ ಮಗು ಹೋಯಿತು. ಕುಲುಕಾಟದಿಂದಲೇ ಹಾಗಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅವ್ವನಿಗೆ ಗೊತ್ತಿತ್ತು. ಈ ಸಲ ಮಂಡ್ಯದ ಆಸ್ಪತ್ರೆಯ ಲೇಡಿ ಡಾಕ್ಟರು, ಹೆರಿಗೆ ಇಲ್ಲೇ ಆಗಬೇಕು, ನೋವು ಬರುವ ಮೊದಲೇ ಕರೆತನ್ನಿ ಎಂದು ಹೇಳಿ ಕಳಿಸಿದ್ದರು. ಅವ್ವ ಮಗಳನ್ನು ಗಾಲಿಯಿರುವ ಯಾವುದರ ಮೇಲೂ ಕೂರಿಸಲು ಒಪ್ಪಲಿಲ್ಲ.

ಬಹಳ ಹೇಳಿದ ಮೇಲೆ ಒಂದು ಷರತ್ತು ಹಾಕಿದಳು. "ಗಡಿಗೇಲಿ ಆಲಿಗೆ ಎಪ್ಪಾಕಿ ನಿನ್ ಕಾರ್ನಲ್ಲಿ ಇಟ್ಕೊಂಡು ತಿರುಗ್ತೀನಿ ಕಣ್ಲಾ. ಮೊಸ್ರು ಕದಡ್ದಂಗೆ ಎಪ್ಪುಗಟ್ಟಿದ್ರೆ ನನ್ ಮಗ್ಳುನ್ನ ಕೂರುಸ್ತೀನಿ. ಇಲ್ದಿದ್ರೆ ನಿನ್ ಅಂಡೇಲಿ ನೀನೇ ನೀರ್ ಕಾಯುಸ್ಕೊ."

ನಾನು ಕಾರನ್ನು ಮದ್ದೂರಿನ ಸಾಬರ ಷೆಡ್ಡಿಗೆ ಒಯ್ದೆ. ಅವರು ಮೋಟಾರು ರಿಪೇರಿಯಲ್ಲಿ ಪಳಗಿದ ಕೈ, ಮಾತು ಹೆಚ್ಚು. ಸ್ಟಿಯರಿಂಗಿನ ಕೀಲುಗಳೊಳಗೆ ಕೂರುವ ಹಿತ್ತಾಳೆ ಬಳೆಗಳು, ಅಂದರೆ ಬುಷ್ಷುಗಳು, ಸವೆದಿದ್ದವು; ಅವಕ್ಕೆ ಯುದ್ಧಕಾಲದಲ್ಲಿ ಬದಲಿ ಸಾಮಾನು ಎಲ್ಲಿಯೂ ಇರಲಿಲ್ಲ. ಅವ್ವ ತನ್ನ ಬಿರುಕು ಬಿಟ್ಟ ಹಿತ್ತಾಳೆ ಕುಟ್ಟಾಣಿ ಕೊಟ್ಟಳು. ಸಾಬರು ಅದನ್ನು ಕರಗಿಸಿ, ಕಡೆಸಿ, ಹೊಸ ಬುಷ್ಷು ಮಾಡಿ ಕೂರಿಸಿದರು. ಗಾಲಿ ಹೇಳಿದ ಮಾತು ಕೇಳತೊಡಗಿತು.

ತಪ್ಪಿದ್ದು ಕಮಾನಿನಲ್ಲಿ. ಕಮಾನೆಂದರೆ ಗಾಲಿಗೂ ಕಾರಿನ ಮೈಗೂ ನಡುವೆ, ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಹಿಂಭಾಗ ಕುಸಿದಿದೆಯಲ್ಲ, ಆದ್ದರಿಂದ ಎರಡೂ ಕಡೆ ಒಂದೊಂದು ದಪ್ಪ ಪಟ್ಟಿ ಹೆಚ್ಚಿಗೆ ಸೇರಿಸಿದೆವು. ನಮ್ಮ ಸೀಮೆಯಲ್ಲಿ ಮಂಚವಾಗಲಿ, ಗಾಡಿಯಾಗಲಿ, ಅಟ್ಟವಾಗಲಿ, ಭಾರ ತಾಳುತ್ತದೆಯೇ ಎಂದು ನೋಡಬೇಕಾದರೆ ಬೆಲ್ಲದ ಮೂಟೆ ಒಟ್ಟುವುದೇ ವಾಡಿಕೆ. ಪಕ್ಕದ ಆಲೆಮನೆಯಿಂದ ಮೂಟೆ ತರಿಸಿ ಹಿಂದಿನ ಸೀಟಿನ ಮೇಲೆ ಚಾವಣಿ ಮುಟ್ಟುವಂತೆ ಒಟ್ಟಿದೆವು. ಸಾಬರು ಊರೊಳಗೆ ಒಂದು ಸುತ್ತು ಹೊಡೆದರು. ಕಾರು ಗಂಭೀರವಾಗಿ, ಮದುವಣಿಗನ ಹಾಗೆ ಸಾಗಿತು. ಯಾರಿಗೂ ಸಂಶಯ ಬರಲಿಲ್ಲ.

"ಗಟ್ಟಿ ಮಾಲ್ ಹಾಕಿದೀನಿ ಅಮ್ಮಾ," ಎಂದರು ಸಾಬರು. "ಆನೆ ಬಂದು ಕೂರ್ಲಿ, ಬಗ್ಗಲ್ಲ."

"ಆನೆ ಯಾಕ್ ಬಂದಾದು ಸಾಬ್ರೆ, ನಾನ್ ಬತ್ತೀನಿ," ಎಂದು ಅವ್ವ ಮಡಿಲಲ್ಲಿ ಗಡಿಗೆ ಇಟ್ಟುಕೊಂಡು ಹತ್ತಿ ಕೂತಳು. ಚಿಕ್ಕಮ್ಮನ ಮನೆ ಮದ್ದೂರಿನಲ್ಲೇ ಇತ್ತು; ಅವ್ವ ಅಲ್ಲೇ ಉಳಿದು ಹಾಲಿಗೆ ಹೆಪ್ಪು ಹಾಕಿಕೊಂಡು ಬಂದಿದ್ದಳು. ಮೂಟೆಗಳನ್ನು ಆಗಲೇ ಇಳಿಸಿದ್ದೆವು.

ಗಾಲಿ ಹೇಗೆ ಓಡುತ್ತದೆಂದು ಹೊರಗಿನಿಂದ ಒಬ್ಬರು ನೋಡಬೇಕೆಂದು ಸಾಬರು ನನ್ನನ್ನು ಮೋರಿಯ ಹತ್ತಿರ ಇಳಿಸಿ ಮುಂದೆ ಹೋಗಿದ್ದರು. ಅದಕ್ಕಾಗಿ ನಾನು ಅಲ್ಲಿ ನಿಂತದ್ದು.

ನಾನು ಕಂಡದ್ದಿಷ್ಟು. ಕಾರು ಹಿಂತಿರುಗಿ ಬಂತು, ವೇಗ ಹೆಚ್ಚಿರಲಿಲ್ಲ. ಮುಂದಿನ ಗಾಲಿ ಮೋರಿಯ ಉಬ್ಬನ್ನು ಹತ್ತಿ ಇಳಿಯಿತು. ಹಿಂದಿನ ಗಾಲಿ ಹತ್ತಿತು, ಇಳಿಯಲಿಲ್ಲ. ಎರಡೂ ಗಾಲಿ ನೆಲ ಬಿಟ್ಟು ಗೇಣೆತ್ತರ ಗಾಳಿಯಲ್ಲಿ ತಿರುಗುತ್ತಿದ್ದುದನ್ನು ಕಣ್ಣಾರೆ ಕಂಡೆ. ಅವುಗಳ ಕೆಳಗೆ ಆಚೆಕಡೆಯ ಬದು ಕಾಣುತ್ತಿತ್ತು. ನೆಲಕ್ಕೆ ಬಿದ್ದೊಡನೆ ಬಾಲ ಒಂದು ಪಕ್ಕಕ್ಕೆ ಬೀಸಿತು. ಅವ್ವನ ತಲೆ ಸೀಟಿನ ಮೇಲೆ ಕಾಣುತ್ತಿದ್ದದ್ದು ಕಾಣದಾಯಿತು. ಕಾರು ನನ್ನನ್ನು ದಾಟಿ, ದಡ ಇಳಿದು, ಕಬ್ಬು ಕಡಿದ ಹೊಲಕ್ಕೆ ನುಗ್ಗಿ, ಒಟ್ಟಿದ್ದ ಸೋಗೆಯ ರಾಶಿಗೆ ಮೂತಿಯಿಟ್ಟು ನಿಂತಿತು.

ನಾನು ದಡ ಇಳಿದು ಓಡಿ, ಕಾರಿನೊಳಗೆ ಬಗ್ಗಿ ನೋಡಿದೆ.

ಅವ್ವ ಎರಡು ಸೀಟಿನ ನಡುವಿನ ಸಂದಿಯಲ್ಲಿ ಕೂತಿದ್ದಳು. ನೆತ್ತಿಯಿಂದ ಮಡಿಲವರೆಗೆ ಹಾಲು. ಕಣ್ಣು ಒರೆಸಿಕೊಂಡು ನನ್ನನ್ನು ನೋಡಿದಳು. "ಯಾಕ್ಲಾ ಅಂಗ್ ನಿಂತಿದ್ದೀಯ? ಇನ್ನೊಂದ್ ಮೋರಿ ಸಿಕ್ಕಿದ್ರೆ ನಾನೇ ಬೆಣ್ಣೆ ಆಗೋಯ್ತಿದ್ದೆ ಕಣ್ಲಾ!" ಎಂದಳು. ಆಮೇಲೆ ನಗತೊಡಗಿದಳು. ಕಬ್ಬು ಕಡಿಯುತ್ತಿದ್ದ ಹೆಂಗಸರು ಓಡಿಬಂದವರು, ಅವಳು ನಗುವುದನ್ನು ಕಂಡು ಬದುವಿನ ಮೇಲೆ ಕೂತು ತಾವೂ ನಕ್ಕರು.

ಸಾಬರು ಮಾತ್ರ ತಲೆಯ ಮೇಲೆ ಕೈಹೊತ್ತು ಕೂತಿದ್ದರು. "ಅಮ್ಮಾ, ಮಾಫ್ ಮಾಡಿ. ಮೂಟೆ ಇದ್ದಾಗ ಎಷ್ಟ್ ಚೆಂದ ಓಡ್ತು!"

"ಅಯ್ಯೋ ಸಾಬ್ರೆ," ಎಂದಳು ಅವ್ವ, "ನನ್ ಮಗ್ಳೇನು ಬೆಲ್ಲದ ಮೂಟೆಯಾ?"

ಸಾಬರು ತಲೆಯಿಂದ ಕೈ ತೆಗೆದರು. ಎದ್ದು, ನೆಲದ ಮೇಲೆ ಮಲಗಿ, ಕಾರಿನ ಕೆಳಗೆ ತೂರಿಕೊಂಡರು. ನಾವೆಲ್ಲ ಸೇರಿ ಕಾರನ್ನು ಬೆಲ್ಲಕ್ಕೆ ತಕ್ಕಂತೆ ಹದ ಮಾಡಿದ್ದೆವು. ಭಾರ ಇಳಿಸಿದರೆ ಆ ಕಮಾನು ಬಾಗುತ್ತಲೇ ಇರಲಿಲ್ಲ; ಉಬ್ಬು ಸಿಕ್ಕೊಡನೆ ಗಾಲಿಯನ್ನೂ ಕಾರನ್ನೂ ಒಟ್ಟಿಗೆ ಮೇಲಕ್ಕೆಸೆದಿತ್ತು.

ಮರುದಿನ ಪೂರಿಗಾಲಿಯಿಂದ ಭಾವ, ನನ್ನ ತಂಗಿಯ ಗಂಡ, ಷೆಡ್ಡಿಗೆ ಬಂದ. ಜೀವಮಾನವೆಲ್ಲ ಗಾಡಿ ಹೊಡೆದವನು. ಕಾರಿನ ಸುತ್ತ ನಡೆದು, "ಇಂಬಾರ ಆಗದೆ ಕಣ್ರಯ್ಯ, ಅದ್ಕೇ ಮೂತಿ ಎತ್ತದೆ. ಅಂಡೆ ಮುಂದುಕ್ ತನ್ನಿ," ಎಂದ. ಗಾಡಿಯ ಹಿಂದೆ ಹೇರು ಹೆಚ್ಚಾದರೆ ನೊಗ ಎತ್ತುಗಳ ಹೆಗಲು ಬಿಟ್ಟು ಮೇಲೇಳುತ್ತದೆ. ಅದಕ್ಕೆ ಹಿಂಬಾರ ಎನ್ನುತ್ತಾರೆ.

"ನಿಮ್ ಎತ್ತಿಗೆ ಗ್ಯಾಸ್ ಹಾಕಿದೀರಾ ಭಾವಾ, ನಂಗೆ ಹೇಳಾಕೆ?" ಎಂದು ಸಾಬರು ಕೆಣಕಿದರು.

"ನಮ್ ಎತ್ತು ಅದುನ್ನೂ ತಾನೇ ಮಾಡ್ಕೋತದೆ, ನಿಮ್ ಅಂಡೆ ಬ್ಯಾಡ," ಎಂದ ಭಾವ.

ಕೊನೆಗೆ ಡ್ರಮ್ಮನ್ನು ಬೆನ್ನಿನಿಂದ ತೆಗೆದು ಎಡಗಡೆಯ ಫುಟ್‌ಬೋರ್ಡಿನ ಮೇಲೆ ಕೂರಿಸಿದರು. ಸೇರಿಸಿದ್ದ ಪಟ್ಟಿಗಳನ್ನು ತೆಗೆದರು. ಹಳೆಯ ಪಟ್ಟಿಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿ, ಉಜ್ಜಿ, ನಡುವೆ ಗಾಡಿಯ ಕೀಲೆಣ್ಣೆ ಬಳಿದು, ಮೇಲೆ ಬಾವಿಯಿಂದ ನೀರೆತ್ತುವ ಹಳೆಯ ಕಪಿಲೆ ಬಾನಿಯ ತೊಗಲು ಸುತ್ತಿ ಹೊಲಿದರು. ಆಗ ಪಟ್ಟಿಯ ಮೇಲೆ ಪಟ್ಟಿ ಜಾರಿ, ಕಮಾನು ಹಗುರ ಭಾರಕ್ಕೂ ಬಾಗತೊಡಗಿತು. ಡ್ರಮ್ಮಿನ ಭಾರಕ್ಕೆ ಕಾರು ಎಡಕ್ಕೆ ವಾಲಿದ್ದರಿಂದ, ತೆಗೆದ ಪಟ್ಟಿಗಳಲ್ಲಿ ಒಂದನ್ನು ತೆಳ್ಳಗೆ ಬಡಿಸಿ ಆ ಕಡೆಗೆ ಮಾತ್ರ ಹಾಕಿದರು. ಈ ಸಲ ಬೆಲ್ಲ ತರಿಸಲಿಲ್ಲ. ಅವ್ವನನ್ನೇ ಕೂರಿಸಿ, ಇಳಿಸಿ, ಮತ್ತೆ ಕೂರಿಸಿ ನೋಡಿದರು. "ಒಸ ಸೊಸೆಗೂ ಇಷ್ಟ್ ಸಲ ಒಸಲು ದಾಟ್ಸಲ್ಲ," ಎಂದು ಅವ್ವ ಗೊಣಗಿದಳು.

ಎರಡನೆಯ ಗಡಿಗೆಯನ್ನು ಸಿಂಬಿಯ ಮೇಲಿಟ್ಟು ಕಂಬಳಿ ಸುತ್ತಿ, ಮಳವಳ್ಳಿಯ ದಾರಿಯಲ್ಲಿ ಸಂಜೆಯವರೆಗೆ ಹೋಗಿಬಂದು ಮಾಡಿದೆವು. ಷೆಡ್ಡಿನ ಮುಂದೆ ಅವ್ವ ಮುಚ್ಚಳ ತೆಗೆದಳು. ಗಡಿಗೆಯನ್ನು ಓರೆ ಮಾಡಿದಳು. ಮೊಸರು ಅಲುಗಲಿಲ್ಲ. ಅವ್ವ ಸಾಬರ ಅಂಗೈಗೆ ಮೊದಲ ತುತ್ತು ಹಾಕಿದಳು.

ತಂಗಿಯನ್ನು ಕರೆದೊಯ್ದ ದಿನ ಸ್ಟಿಯರಿಂಗು ನನ್ನ ಕೈಯಲ್ಲಿತ್ತು. ಪಕ್ಕದಲ್ಲಿ ಭಾವ, ಹಿಂದೆ ತಂಗಿ, ಅವ್ವ. ಸಾಬರು ಬಲಗಡೆಯ ಫುಟ್‌ಬೋರ್ಡಿನ ಮೇಲೆ ನಿಂತು ಪ್ರತಿ ಹಳ್ಳಕ್ಕೂ "ನಿಧಾನ, ನಿಧಾನ" ಎನ್ನುತ್ತಿದ್ದರು. ಮಳವಳ್ಳಿ ಬಿಡುವಾಗ ತಂಗಿ ನನ್ನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು; ಅವಳ ಬೆರಳು ನನ್ನ ಭುಜಕ್ಕೆ ತಾಗುತ್ತಿತ್ತು. ಮದ್ದೂರು ದಾಟಿ ದೊಡ್ಡ ರಸ್ತೆಗೆ ತಿರುಗಿದ ಮೇಲೆ ಆ ಬೆರಳು ಇರಲಿಲ್ಲ. ತಿರುಗಿ ನೋಡಲು ಧೈರ್ಯ ಬರಲಿಲ್ಲ.

ಅವ್ವ ಮುಂದಕ್ಕೆ ಬಾಗಿ ನನ್ನ ಕಿವಿಯಲ್ಲಿ, "ಆರನ್ ಒಡೀಬ್ಯಾಡ ಕಣ್ಲಾ," ಎಂದಳು. "ನಿದ್ದೆ ಮಾಡ್ತಾವ್ಳೆ."

ಸಾಬರು ಅಲ್ಲಿಂದ ಮಂಡ್ಯದವರೆಗೆ ಬಾಯಿ ತೆರೆಯಲಿಲ್ಲ. ಎದುರಿಗೆ ಕಬ್ಬಿನ ಗಾಡಿಗಳು ಸಾಲಾಗಿ ಬಂದಾಗ ಕೈಯೆತ್ತಿ, ಸದ್ದು ಮಾಡಬೇಡಿ ಎಂದು ಗಾಡಿಯವರಿಗೇ ಸನ್ನೆ ಮಾಡಿದರು. ಆಸ್ಪತ್ರೆಯ ಬಾಗಿಲಲ್ಲಿ ತಂಗಿಯನ್ನು ಎಬ್ಬಿಸಬೇಕಾಯಿತು. "ಆಗ್ಲೇ ಬಂದ್ಬುಟ್ವಾ?" ಎಂದಳು. ದಿನ ತುಂಬಿದ ಹೆಣ್ಣುಮಗು ಅದೇ ವಾರ ಅಲ್ಲಿಯೇ ಹುಟ್ಟಿತು.

ಇದನ್ನು ಕಂಡವರಲ್ಲಿ ಅವ್ವ ಈಗಿಲ್ಲ. ಸಾಬರು ಮದ್ದೂರಿನಲ್ಲಿದ್ದಾರೆ, ಕಣ್ಣು ಮಂಜಾಗಿದೆ, ಮಾತು ಹಾಗೆಯೇ ಇದೆ. ಭಾವ ಪೂರಿಗಾಲಿಯಲ್ಲಿದ್ದಾನೆ. ತಂಗಿಯೂ ಇದ್ದಾಳೆ, ಆದರೆ ಅವಳನ್ನು ಸಾಕ್ಷಿ ಕೇಳಿ ಫಲವಿಲ್ಲ. ಅವಳು ಮಲಗಿದ್ದಳು.