ಮಾಳಿಗೆಯ ಜುಟ್ಟಣ್ಣ
ಮಾಳಿಗೆಯಲ್ಲಿ ಬಾಡಿಗೆಗಿರುವ ಜುಟ್ಟಣ್ಣ ಎದ್ದನೆಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಪಂಕ್ ರಾಕ್ ಹಾಡುವವನು. ತಲೆಯ ಎರಡೂ ಬದಿ ಬೋಳಿಸಿ, ನಡುವಿನ ಹಸಿರು ಕೂದಲಿಗೆ ಸೋಪು ಹಚ್ಚಿ ನೆಟ್ಟಗೆ ನಿಲ್ಲಿಸಲು ಅರ್ಧ ದಿನ ಬಚ್ಚಲು ಹಿಡಿದಿರುತ್ತಾನೆ. ಆಮೇಲೆ ಗಿಟಾರು ಎತ್ತಿ, "ಯಾರ ಮಾತೂ ಕೇಳಲ್ಲ!" ಎಂದು ಗಂಟಲು ಕಿತ್ತುಬರುವಂತೆ ಹಾಡುತ್ತಾನೆ. ಕೆಳಗಿನಿಂದ ಮನೆಯೊಡತಿ ಅಜ್ಜಿ, "ಲೋ, ಮೊದ್ಲು ನಲ್ಲಿ ನಿಲ್ಸೋ!" ಎಂದರೆ ಹಾಡು ಅಲ್ಲಿಗೇ ಬಿಟ್ಟು ಓಡಿ, ನಲ್ಲಿ ನಿಲ್ಲಿಸಿ ಬಂದು, ಬಿಟ್ಟಲ್ಲಿಂದಲೇ ಮತ್ತೆ "ಕೇಳಲ್ಲ!" ಎನ್ನುತ್ತಾನೆ. ಎದುರುಮನೆಯಾಕೆ, "ರೌಡಿ ಕಣ್ರೀ, ಖಾಲಿ ಮಾಡ್ಸಿ" ಎನ್ನುತ್ತಲೇ ತನ್ನ ಸಿಲಿಂಡರನ್ನು ಅವನ ಕೈಯಲ್ಲೇ ಹೊರಿಸುತ್ತಾಳೆ. ಅಜ್ಜಿಗೆ ಸಹಿಸಲಾಗದ್ದು ಅವನ ಪ್ಯಾಂಟೊಂದೇ. ಯಜಮಾನರು ಹೋದಮೇಲೆ ಹೊಲಿದುಕೊಡಲು ಯಾರ ಬಟ್ಟೆಯೂ ಇಲ್ಲದೆ ಅಜ್ಜಿಯ ಕೈ ಚಡಪಡಿಸುತ್ತಿತ್ತು. ಹರಿದು ಪಿನ್ನುಗಳಲ್ಲಿ ನೇತಾಡುವ ಆ ಪ್ಯಾಂಟು ಬಟ್ಟೆ ಒಣಹಾಕುವ ಹಗ್ಗದಲ್ಲಿ ಕಂಡದ್ದೇ ತಡ, ಒಂದು ತೂತೂ ಬಿಡದೆ ಹೊಲಿದು, ಪಿನ್ನುಗಳನ್ನು ಡಬ್ಬಿಗೆ ಹಾಕಿ ಕೊಟ್ಟರು. "ಅಯ್ಯೋ ಅಜ್ಜೀ, ಅದು ಹರಿದಿದ್ದಲ್ಲ, ನಾನೇ ಹರ್ಕೊಂಡಿದ್ದು! ಸಂಜೆ ಹಾಡೋಕ್ಕೆ ಏನು ಹಾಕ್ಕೊಳ್ಲಿ?" ಎಂದು ಅಳುಮೋರೆ ಮಾಡಿದ. ಇನ್ನು ಹೊಲಿಗೆಯನ್ನೆಲ್ಲ ಬಿಚ್ಚಿಹಾಕುತ್ತಾನೆಂದು ಅಜ್ಜಿಯ ಮನಸ್ಸು ಚುರುಕ್ಕೆಂದಿತು. ಸಂಜೆ ಮೆಟ್ಟಿಲಿಳಿದು ಬಂದವನ ಪ್ಯಾಂಟಿನಲ್ಲಿ ಅವರ ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ಪ್ರತಿಯೊಂದರ ಪಕ್ಕದಲ್ಲಿ, ದಾರಕ್ಕೆ ತಾಗದಂತೆ ನೋಡಿಕೊಂಡು, ಹೊಸದಾಗಿ ಹರಿದುಕೊಂಡಿದ್ದ. ಅಂದಿನಿಂದ ಅವನು ಹರಿಯುತ್ತಾನೆ, ಅಜ್ಜಿ ಬೈಯುತ್ತ ಹೊಲಿಯುತ್ತಾರೆ. ಈಗ ಆ ಪ್ಯಾಂಟಿನಲ್ಲಿ ಬಟ್ಟೆಗಿಂತ ಅಜ್ಜಿಯ ದಾರವೇ ಹೆಚ್ಚು.